ಗಲ್ಲಾಪೆಟ್ಟಿಗೆಯ ಹಿಂದಿನ ದಣಿವು: ಸಾಂಕ್ರಾಮಿಕದ ದಿನಗಳಲ್ಲಿ ಅಂಗಡಿ ನೌಕರರು ಬತ್ತಿಹೋಗದಿರಲು

2021ರ ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕದಲ್ಲಿ ಕೊರೊನಾದ ಎರಡನೆಯ ಅಲೆಯ ನಿರ್ಬಂಧಗಳು ಜಾರಿಯಾದಾಗ ದಿನಸಿ, ಹಾಲು, ತರಕಾರಿಯಂಥ ಅಗತ್ಯ ವಸ್ತುಗಳ ಅಂಗಡಿಗಳಿಗೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಬಾಗಿಲು ತೆರೆಯಲು ಅವಕಾಶವಿತ್ತು. ರಸ್ತೆಯ ಮೇಲಿಂದ ನೋಡಿದವರಿಗೆ ಅದು ನಾಲ್ಕೇ ತಾಸಿನ ದುಡಿಮೆ. ಬಳ್ಳಾರಿಯ ಕೌಲ್ ಬಜಾರ್ ಕಡೆ ನಾನು ಲೆಕ್ಕ ನೋಡಿಕೊಂಡಿದ್ದ ಕಿರಾಣಿ ಅಂಗಡಿಯಲ್ಲಿ ಹುಡುಗರು ನಾಲ್ಕೂವರೆಗೇ ಬಂದು ಬೇಳೆ, ಸಕ್ಕರೆ, ರವೆಯ ಪೊಟ್ಟಣ ಕಟ್ಟಲು ಕೂರುತ್ತಿದ್ದರು. ಇಡೀ ದಿನದ ವ್ಯಾಪಾರ ಆ ನಾಲ್ಕು ತಾಸಿನಲ್ಲಿ ಬಂದು ಬೀಳುತ್ತಿತ್ತು. ಹತ್ತಕ್ಕೆ ಪೊಲೀಸರ ಸೀಟಿ ಕೇಳಿ ಶಟರ್ ಎಳೆದ ಮೇಲೂ ಫೋನಿನಲ್ಲಿ ಬಂದ ಚೀಟಿಗಳ ಸಾಮಾನು ತೆಗೆಯುವ ಕೆಲಸ ಮಧ್ಯಾಹ್ನ ಎರಡರವರೆಗೆ ಒಳಗೆ ನಡೆದೇ ಇರುತ್ತಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ, ತಕ್ಕಡಿಯ ಮುಂದೆ ನಿಲ್ಲುತ್ತಿದ್ದ ಹುಡುಗ ಎರಡು ಕೆ.ಜಿ. ತೊಗರಿಬೇಳೆಯನ್ನು ತೂಗಿ, ಅದನ್ನು ಗಿರಾಕಿಗೆ ಕೊಡುವ ಬದಲು ಮತ್ತೆ ಮೂಟೆಗೇ ಸುರಿದು ಸುಮ್ಮನೆ ನಿಂತುಬಿಟ್ಟ. “ಏನಾತಪಾ?” ಎಂದು ಕೇಳಿದ್ದಕ್ಕೆ, “ಏನಿಲ್ರಿ ಅಣ್ಣಾರ, ಸಾಕಾಗೇತಿ” ಎಂದ. ಅವನಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಅಂದು ನಾವು ಅವನಿಗೆ ಒಂದು ಲೋಟ ಚಹಾ ಕೊಟ್ಟು, ಧೈರ್ಯ ಹೇಳಿ, ಮತ್ತೆ ತಕ್ಕಡಿಯ ಮುಂದೆಯೇ ನಿಲ್ಲಿಸಿದೆವು. ಅದು ತಪ್ಪು.

ಆ ತಪ್ಪಿನಿಂದ ಕಲಿತದ್ದನ್ನೂ ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕಿರಾಣಿ ಅಂಗಡಿ, ಔಷಧದ ಅಂಗಡಿ, ಜವಳಿ ಅಂಗಡಿ, ಸೂಪರ್‌ಮಾರ್ಕೆಟ್‌ಗಳಲ್ಲಿ ದುಡಿಯುವವರಿಗೂ, ನಮ್ಮ ಕಡೆ ಬಹುಪಾಲು ಅಂಗಡಿಗಳಲ್ಲಿ ನೌಕರನ ಪಕ್ಕದಲ್ಲೇ ನಿಂತು ದುಡಿಯುವ ಮಾಲೀಕರಿಗೂ ಇದು ಸಂಬಂಧಿಸಿದ್ದು. ಕೊರೊನಾ ಹಿಂದೆ ಸರಿದಿದ್ದರೂ ಮತ್ತೊಂದು ಸೋಂಕು ಊರಿಗೆ ಬಂದಾಗ ಎಲ್ಲರಿಗಿಂತ ಮೊದಲು ಜನರೆದುರು ನಿಲ್ಲಬೇಕಾದವರಲ್ಲಿ ಇವರೂ ಇರುತ್ತಾರೆ ಎಂಬ ಕಾರಣಕ್ಕೆ, ಹೆಜ್ಜೆಗಳನ್ನು ಈಗಲೇ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲ ಹೆಜ್ಜೆ: ದಣಿವೋ ಬತ್ತುವಿಕೆಯೋ ಎಂದು ಬೇರ್ಪಡಿಸಿಕೊಳ್ಳಿ

ದಣಿವು ಎಲ್ಲರಿಗೂ ಆಗುತ್ತದೆ. ಬರ್ನ್‌ಔಟ್ ಎಂದು ಕರೆಯುವ ಸ್ಥಿತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಇದನ್ನು ಕಾಯಿಲೆ ಎಂದು ಪಟ್ಟಿ ಮಾಡದೆ, ಸರಿಯಾಗಿ ನಿಭಾಯಿಸದೆ ಉಳಿದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ, ವೃತ್ತಿಗೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿದೆ. ಆ ವರ್ಗೀಕರಣವು 2022ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಹೇಳಿರುವ ಗುರುತುಗಳು ಮೂರು: ಶಕ್ತಿಯೆಲ್ಲ ಬಸಿದುಹೋದ ಭಾವ, ಕೆಲಸದಿಂದ ಮನಸ್ಸು ದೂರವಾಗಿ ಅದರ ಬಗ್ಗೆ ಕಹಿ ಬೆಳೆಯುವುದು, ಮತ್ತು ಮಾಡುವ ಕೆಲಸದಲ್ಲಿ ಕೈ ಸೋಲುತ್ತಿದೆ ಎಂಬ ಅನಿಸಿಕೆ.

ಅಂಗಡಿಯಲ್ಲಿ ಇವು ಹೀಗೆ ಕಾಣುತ್ತವೆ. ಹೆಸರು ಹಿಡಿದು ಮಾತಾಡಿಸುತ್ತಿದ್ದ ಹಳೆಯ ಗಿರಾಕಿಯನ್ನು ಕಂಡರೂ ‘ಇವರು ಯಾಕಾದರೂ ಬಂದರೋ’ ಎನಿಸುತ್ತದೆ. ಹತ್ತು ವರ್ಷದಿಂದ ಬಾಯಿಲೆಕ್ಕ ಮಾಡುತ್ತಿದ್ದವರು ಚಿಲ್ಲರೆ ಕೊಡುವಾಗ ದಿನಕ್ಕೆ ಮೂರು ಸಲ ತಪ್ಪುತ್ತಾರೆ. ರಾತ್ರಿ ಮಲಗುವಾಗಲೇ ನಾಳಿನ ಶಟರ್ ಸದ್ದು ಕಿವಿಗೆ ಬರುತ್ತದೆ. ನಾನು ಬಳಸುವ ಪರೀಕ್ಷೆ ಸರಳವಾದದ್ದು. ವಾರದ ರಜೆಯ ಮರುದಿನ ಬೆಳಿಗ್ಗೆ ಮೈ ಹಗುರಾಗಿದ್ದರೆ ಅದು ದಣಿವು. ರಜೆ ಮುಗಿಸಿ ಬಂದ ಬೆಳಿಗ್ಗೆಯೂ ರಜೆಯ ಹಿಂದಿನ ದಿನದಷ್ಟೇ ಭಾರವಿದ್ದು, ಹೀಗೆ ಮೂರು ನಾಲ್ಕು ವಾರ ಕಳೆದಿದ್ದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು.

ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸೋಂಕು ತಗುಲಿ ಗುಣವಾದವರಲ್ಲಿ ತಿಂಗಳುಗಟ್ಟಲೆ ಸುಸ್ತು, ಏದುಸಿರು, ಮರೆವು ಉಳಿಯುವುದುಂಟು. ರಕ್ತಹೀನತೆ, ಥೈರಾಯ್ಡ್ ತೊಂದರೆ, ಸಕ್ಕರೆ ಕಾಯಿಲೆಗಳೂ ಹೀಗೆಯೇ ಕಾಣಿಸಿಕೊಳ್ಳಬಹುದು. ಆದ್ದರಿಂದ ಎಲ್ಲವನ್ನೂ ಮನಸ್ಸಿನ ಮೇಲೆ ಹೊರಿಸುವ ಮೊದಲು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಒಂದು ವಾರ ಬರೆದಿಡಿ

ಒತ್ತಡ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಆದರೆ ದಣಿದವರಿಗೆ ಹಾಗೆ ತೋರುತ್ತದೆ. ಬಿಲ್ ರೋಲಿನ ಉಳಿದ ತುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು, ಸಿಟ್ಟು ಬಂದಾಗ, ಎದೆ ಹೊಡೆದುಕೊಂಡಾಗ, ಅಳು ಬಂದಾಗ, ಲೆಕ್ಕ ತಪ್ಪಿದಾಗ ಗಂಟೆಯನ್ನೂ ಕಾರಣವನ್ನೂ ಎರಡೇ ಪದಗಳಲ್ಲಿ ಗುರುತು ಹಾಕಿಕೊಳ್ಳಿ. ರಾತ್ರಿ ಎಷ್ಟು ತಾಸು ನಿದ್ದೆ ಬಂತು ಎಂಬುದನ್ನೂ ಬರೆಯಿರಿ. ಇಷ್ಟೇ ಸಾಕು, ದಿನಚರಿ ಬರೆಯಲು ಕೂತರೆ ಅದೇ ಇನ್ನೊಂದು ಕೆಲಸವಾಗುತ್ತದೆ.

ನಮ್ಮ ಅಂಗಡಿಯಲ್ಲಿ ನಾಲ್ವರು ಹೀಗೆ ಬರೆದಾಗ ಒಂದು ಸಂಗತಿ ಎದ್ದು ಕಂಡಿತು. ಎಂಟು ಗಂಟೆಯ ನೂಕುನುಗ್ಗಲು ನಮ್ಮನ್ನು ಅರೆಯುತ್ತಿದೆ ಎಂದು ನಾವೆಲ್ಲ ನಂಬಿದ್ದೆವು. ಚೀಟಿಗಳ ಪ್ರಕಾರ ಎಲ್ಲರೂ ಕುಸಿಯುತ್ತಿದ್ದದ್ದು ಒಂಬತ್ತೂ ಮುಕ್ಕಾಲಿನ ನಂತರ. ಹೊರಗೆ ಸೀಟಿ, ಶಟರ್ ಅರ್ಧ ಕೆಳಗೆ, ಅದರ ಕೆಳಗಿನಿಂದ “ಒಂದ ಎಣ್ಣಿ ಪಾಕೀಟು ಕೊಡ್ರಿ, ಒಂದ ನಿಮಿಷ” ಎನ್ನುವ ಕೈಗಳು. ಕೊಟ್ಟರೆ ಪೊಲೀಸರ ಬೈಗುಳ, ಕೊಡದಿದ್ದರೆ ಗಿರಾಕಿಯ ಬೈಗುಳ. ಒಂಬತ್ತೂವರೆಗೇ ಹೊಸ ಚೀಟಿ ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಆಮೇಲೆ ಬಂದವರಿಗೆ ಮರುದಿನ ಬೆಳಗಿನ ಮೊದಲ ಸರದಿಯ ಸಂಖ್ಯೆ ಬರೆದುಕೊಟ್ಟು ಕಳುಹಿಸತೊಡಗಿದ ಮೇಲೆ ಆ ಹದಿನೈದು ನಿಮಿಷದ ಕಾಳಗ ಬಹುಮಟ್ಟಿಗೆ ನಿಂತಿತು. ಬರೆದಿಡದಿದ್ದರೆ ನಾವು ಎಂಟು ಗಂಟೆಗೆ ಇನ್ನೊಬ್ಬ ಹುಡುಗನನ್ನು ತಂದು ನಿಲ್ಲಿಸಿ ಕೈತೊಳೆದುಕೊಳ್ಳುತ್ತಿದ್ದೆವು.

ಮೂರನೆಯ ಹೆಜ್ಜೆ: ಮನಸ್ಸಿಗಿಂತ ಮೊದಲು ನಿಲ್ಲುವ ಜಾಗವನ್ನು ಸರಿಪಡಿಸಿ

ಧ್ಯಾನ ಮಾಡಿ, ಸಕಾರಾತ್ಮಕವಾಗಿ ಯೋಚಿಸಿ ಎಂಬ ಉಪದೇಶ ಅಂಗಡಿಯವರ ಕಿವಿಗೆ ಸಾಕಷ್ಟು ಬಿದ್ದಿದೆ. ಕಾಲು ಬಾತಿರುವವರಿಗೆ, ಬಾಯಾರಿದವರಿಗೆ, ಮೂತ್ರ ತಡೆದುಕೊಂಡು ನಿಂತವರಿಗೆ ಆ ಉಪದೇಶದಿಂದ ಆಗುವುದು ಅಷ್ಟಕ್ಕಷ್ಟೇ. ಹೆಚ್ಚಿನ ಪರಿಹಾರ ಇರುವುದು ಈ ಹೆಜ್ಜೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಮೊದಲನೆಯದು ಸ್ಟೂಲು. ಗಿರಾಕಿಯ ಮುಂದೆ ನೌಕರ ಕುಳಿತರೆ ಮರ್ಯಾದೆಯಲ್ಲ ಎಂಬ ಭಾವನೆ ನಮ್ಮ ಜವಳಿ ಅಂಗಡಿಗಳಲ್ಲಿ ಬೇರೂರಿದೆ. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ತಮ್ಮ ಅಂಗಡಿ ಕಾಯ್ದೆಗಳಿಗೆ ತಿದ್ದುಪಡಿ ತಂದು, ನೌಕರರಿಗೆ ಕೂರಲು ಆಸನ ಒದಗಿಸುವುದನ್ನು ಮಾಲೀಕರ ಕರ್ತವ್ಯವಾಗಿಸಿವೆ. ನಾವು ಕಾನೂನಿಗಾಗಿ ಕಾಯಬೇಕಾಗಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಒಂದು ಎತ್ತರದ ಸ್ಟೂಲು, ತಕ್ಕಡಿಯ ಹಿಂದೆ ಒಂದು, ಜೊತೆಗೆ ಒಂದು ಕಾಲನ್ನು ಸರದಿಯಂತೆ ಎತ್ತಿಡಲು ಗೇಣೆತ್ತರದ ಮಣೆ ಅಥವಾ ಗಟ್ಟಿಯಾದ ಖಾಲಿ ಪೆಟ್ಟಿಗೆ ಇದ್ದರೆ ಸೊಂಟದ ಮೇಲಿನ ಭಾರ ಇಳಿಯುತ್ತದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹಿಮ್ಮಡಿಯನ್ನು ಹತ್ತು ಹದಿನೈದು ಸಲ ಎತ್ತಿ ಇಳಿಸಿದರೆ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಸಂಜೆಯ ಹೊತ್ತಿಗೆ ಕಾಲು ಬಾಯುವುದು ಕಡಿಮೆಯಾಗುತ್ತದೆ.

ಎರಡನೆಯದು ನೀರು ಮತ್ತು ಶೌಚಾಲಯ. ಇವೆರಡನ್ನೂ ಬೇರೆಬೇರೆಯಾಗಿ ನೋಡಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರುಗಳ ಬಿಸಿಲು ನಲವತ್ತು ಡಿಗ್ರಿ ದಾಟುವುದು ಹೊಸದೇನಲ್ಲ. ಆ ಸೆಕೆಯಲ್ಲಿ ಮಾಸ್ಕ್ ಹಾಕಿ ನಿಂತ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟಿದ್ದರು, ಏಕೆಂದರೆ ಅಕ್ಕಪಕ್ಕದ ಹೋಟೆಲುಗಳು ಮುಚ್ಚಿದ್ದರಿಂದ ಹೋಗಲು ಶೌಚಾಲಯವಿರಲಿಲ್ಲ. ನಮ್ಮ ಅಂಗಡಿಯ ಅಕ್ಕನೊಬ್ಬರು ತಲೆಸುತ್ತು ಬಂದು ಕೂತಾಗ ಎಲ್ಲರೂ ಕೊರೊನಾ ಎಂದು ಹೌಹಾರಿದೆವು. ಅವರು ಬೆಳಗಿನಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ಮಾಲೀಕರು ಅಂಗಡಿಯ ಹಿಂದಿನ ಮನೆಯವರೊಡನೆ ಮಾತಾಡಿ, ತಿಂಗಳಿಗೆ ಇಷ್ಟು ಎಂದು ಕೊಟ್ಟು, ಶೌಚಾಲಯದ ವ್ಯವಸ್ಥೆ ಮಾಡಿಸಿದರು. ಖರ್ಚು ಹೆಚ್ಚಲ್ಲ; ಕೇಳಲು ಯಾರೂ ಬಾಯಿ ಬಿಟ್ಟಿರಲಿಲ್ಲ, ಅಷ್ಟೇ.

ಮೂರನೆಯದು ಸರದಿ ಬದಲಾವಣೆ. ಬಾಗಿಲಲ್ಲಿ ನಿಂತು ಮಾಸ್ಕ್ ಹಾಕಿಸುವ, ಸಾಲು ನಿಲ್ಲಿಸುವ ಕೆಲಸ ಎಲ್ಲಕ್ಕಿಂತ ಹೆಚ್ಚು ಜಗಳ ತರುವ ಕೆಲಸ. ಅದನ್ನು ಗಟ್ಟಿ ದನಿಯವನೆಂದು ಒಬ್ಬನಿಗೇ ಅಂಟಿಸಬೇಡಿ. ತಾಸಿಗೊಮ್ಮೆ ಬಾಗಿಲಿನವನು ಗೋದಾಮಿಗೆ, ಗೋದಾಮಿನವನು ತಕ್ಕಡಿಗೆ, ತಕ್ಕಡಿಯವನು ಬಾಗಿಲಿಗೆ ಎಂದು ತಿರುಗಿಸಿ. ಗೋದಾಮಿನ ಆ ಒಂದು ತಾಸಿನಲ್ಲಿ ಮೂಟೆ ಎತ್ತಬೇಕಾದರೂ ಯಾರಿಗೂ ಉತ್ತರ ಕೊಡಬೇಕಾಗಿಲ್ಲ ಎಂಬುದೇ ವಿಶ್ರಾಂತಿ.

ಕೊನೆಯದು, ಉಪಯೋಗವಿಲ್ಲದ ಎಚ್ಚರಿಕೆಗಳನ್ನು ಕೈಬಿಡುವುದು. 2020ರಲ್ಲಿ ನಾವು ನೋಟುಗಳಿಗೆ ಸ್ಯಾನಿಟೈಸರ್ ಸಿಂಪಡಿಸಿ ದಾರದ ಮೇಲೆ ಒಣಹಾಕಿದ್ದೆವು. ಬಿಸ್ಕತ್ತಿನ ಪೊಟ್ಟಣಗಳನ್ನೂ ಒಂದೊಂದಾಗಿ ಒರೆಸಿದ್ದೆವು. ಬೆರಳ ಸಂದಿಯ ಚರ್ಮ ಬಿರಿದು, ಉಪ್ಪಿನ ಪಾಕೀಟು ಮುಟ್ಟಿದರೆ ಉರಿಯುತ್ತಿತ್ತು. ಸೋಂಕು ಹರಡುವುದು ಬಹುಪಾಲು ಉಸಿರಿನಿಂದ ಎಂಬುದು ಸ್ಪಷ್ಟವಾದ ಮೇಲೂ ಎಷ್ಟೋ ಅಂಗಡಿಗಳು ಈ ಕೆಲಸವನ್ನು ಬಿಡಲಿಲ್ಲ, ಗಾಳಿಯಾಡಲು ಹಿಂಬಾಗಿಲನ್ನು ಮಾತ್ರ ತೆರೆಯಲಿಲ್ಲ. ರೋಗ ಹೇಗೆ ಹರಡುತ್ತದೆ ಎಂದು ಆರೋಗ್ಯ ಇಲಾಖೆ ಹೇಳುವುದನ್ನು ಕೇಳಿಕೊಂಡು, ಅದಕ್ಕೆ ತಕ್ಕ ಎರಡು ಮೂರು ಎಚ್ಚರಿಕೆಗಳನ್ನು ಬಿಗಿಯಾಗಿ ಪಾಲಿಸಿ, ಉಳಿದವನ್ನು ಬಿಟ್ಟರೆ ಕೈಗೂ ತಲೆಗೂ ಕೆಲಸ ಕಡಿಮೆಯಾಗುತ್ತದೆ.

ನಾಲ್ಕನೆಯ ಹೆಜ್ಜೆ: ಜಗಳಕ್ಕೆ ಮೊದಲೇ ಮಾತು ಸಿದ್ಧವಿರಲಿ

ಮಾತಾಡಲು ಮಾಸ್ಕ್ ಕೆಳಗಿಳಿಸುವ ಗಿರಾಕಿ, “ನಮಗೇನ್ ಹೇಳ್ತೀಯೋ” ಎಂದು ಏರಿ ಬರುವವರು, ಬೆಲೆ ಏರಿದ್ದಕ್ಕೆ ತಕ್ಕಡಿ ಹುಡುಗನನ್ನೇ ಕಳ್ಳನೆನ್ನುವವರು ಎಲ್ಲ ಅಂಗಡಿಗಳಲ್ಲೂ ಇದ್ದರು. ಪ್ರತಿ ಸಲವೂ ಹೊಸದಾಗಿ ಉತ್ತರ ಹುಡುಕುವುದು, ಒಳಗೆ ಕುದಿಯುತ್ತಿದ್ದರೂ ಹೊರಗೆ ನಗುವುದು, ಇವು ಮೂಟೆ ಹೊರುವುದಕ್ಕಿಂತ ಹೆಚ್ಚು ಸುಸ್ತು ಮಾಡುತ್ತವೆ. ಆದ್ದರಿಂದ ಅಂಗಡಿಯವರೆಲ್ಲ ಕೂತು ಮೂರು ನಾಲ್ಕು ಮಾತುಗಳನ್ನು ನಿಗದಿ ಮಾಡಿಕೊಳ್ಳಿ. “ಮಾಸ್ಕ್ ಹಾಕೋರಿ” ಎಂದರೆ ಅದು ಹುಡುಗನ ಅಪ್ಪಣೆಯಂತೆ ಕೇಳುತ್ತದೆ. “ಅಣ್ಣಾರ, ಮಾಸ್ಕ್ ಇಲ್ಲಂದ್ರ ನಮ್ಮ ಅಂಗಡಿಗೆ ದಂಡ ಹಾಕ್ತಾರ್ರಿ, ಸ್ವಲ್ಪ ಸಹಕಾರ ಮಾಡ್ರಿ” ಎಂದರೆ ಅದೇ ವಿಷಯ ಇಬ್ಬರೂ ಒಂದೇ ಕಡೆ ನಿಂತಂತೆ ಕೇಳುತ್ತದೆ. ಬಳ್ಳಾರಿಯಂಥ ಊರಿನಲ್ಲಿ ಇದೇ ಮಾತನ್ನು ತೆಲುಗಿನಲ್ಲೂ ಉರ್ದುವಿನಲ್ಲೂ ಹೇಳಲು ಬಾಯಿಪಾಠ ಮಾಡಿಕೊಂಡಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎರಡನೆಯ ಸಲ ಹೇಳಿದರೂ ಕೇಳದಿದ್ದರೆ ನೌಕರ ಮೂರನೆಯ ಸಲ ಹೇಳಬಾರದು. ಮಾಲೀಕರು ಅಥವಾ ಹಿರಿಯರೊಬ್ಬರು ಮುಂದೆ ಬರಬೇಕು. ಆಗ ಮಾಲೀಕರು ಗಿರಾಕಿಯ ಮುಂದೆಯೇ ನೌಕರನನ್ನು ಬೈದು ಸಮಾಧಾನ ಮಾಡುವ ಹಳೆಯ ಪದ್ಧತಿಯನ್ನು ಬಿಡಬೇಕು. ಗಿರಾಕಿ ಉಳಿಯಲಿ ಎಂದು ಹಾಗೆ ಮಾಡುತ್ತಾರೆ, ನನಗೆ ಗೊತ್ತು. ಗಿರಾಕಿ ಐದು ನಿಮಿಷದಲ್ಲಿ ಮರೆಯುವ ಆ ಬೈಗುಳವನ್ನು ನೌಕರ ಮನೆಗೆ ಹೊತ್ತೊಯ್ಯುತ್ತಾನೆ.

ಜಗಳ ಮುಗಿದ ಮೇಲೆ ಆ ನೌಕರನನ್ನು ಐದು ನಿಮಿಷ ಒಳಗೆ ಕಳುಹಿಸಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡುವುದನ್ನು ಎಂಟು ಹತ್ತು ಸಲ ಮಾಡಿದರೆ ಎದೆಬಡಿತ ಇಳಿಯುತ್ತದೆ.

ಐದನೆಯ ಹೆಜ್ಜೆ: ಅಂಗಡಿ ಮನೆಯೊಳಗೆ ಬಾರದಂತೆ ನೋಡಿಕೊಳ್ಳಿ

ಕಚೇರಿಯ ಕೆಲಸವನ್ನು ಮನೆಯಿಂದ ಮಾಡಿದವರಿಗೆ ಇಲ್ಲದ ಒಂದು ಭಯ ಅಂಗಡಿಯವರಿಗಿತ್ತು: ದಿನಕ್ಕೆ ನೂರಾರು ಜನರನ್ನು ಕಂಡು, ಒಂದೇ ಕೋಣೆಯ ಮನೆಯಲ್ಲಿ ವಯಸ್ಸಾದ ತಾಯಿಯ ಪಕ್ಕದಲ್ಲಿ ಮಲಗಬೇಕು. ‘ನನ್ನಿಂದಲೇ ಅವರಿಗೆ ಬಂದರೆ’ ಎಂಬ ಯೋಚನೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಇದಕ್ಕೆ ಒಂದು ಕ್ರಮ ಇಟ್ಟುಕೊಳ್ಳಿ: ಅಂಗಡಿಯ ಅಂಗಿ ಬೇರೆ, ಮನೆಯದು ಬೇರೆ, ಬಂದ ಕೂಡಲೇ ಸ್ನಾನ, ಕಿಟಕಿ ತೆರೆದಿಟ್ಟ ಕಡೆ ಮಲಗುವುದು, ಮನೆಯ ಹಿರಿಯರಿಗೆ ಲಸಿಕೆಯನ್ನು ತಪ್ಪದೆ ಹಾಕಿಸುವುದು, ಗಂಟಲು ಕೆರೆದ ದಿನ ಅಂಗಡಿಗೂ ಹೋಗದೆ, ಮನೆಯಲ್ಲೂ ದೂರವಿರುವುದು. ಕ್ರಮವನ್ನು ಪಾಲಿಸಿದ ಮೇಲೂ ಸೋಂಕು ಬರಬಹುದು, ಆದರೆ ಅದು ನಿಮ್ಮ ತಪ್ಪಾಗುವುದಿಲ್ಲ. ಈ ಮಾತನ್ನು ಮನೆಯವರು ಹೇಳಿದರೆ ಹೆಚ್ಚು ನಾಟುತ್ತದೆ.

ನಿದ್ದೆಗೆ ಏಳು ತಾಸು ಬೇಕು. ನಸುಕಿನ ನಾಲ್ಕಕ್ಕೆ ಏಳಬೇಕಾದವರು ರಾತ್ರಿ ಒಂಬತ್ತಕ್ಕೆ ಮಲಗಲೇಬೇಕು, ಇಲ್ಲವೇ ಮಧ್ಯಾಹ್ನ ಒಂದು ತಾಸು ಮಲಗಬೇಕು. ಫೋನಿನಲ್ಲಿ ಸಾವಿನ ಸುದ್ದಿಗಳನ್ನು ನೋಡುತ್ತ ಹನ್ನೊಂದು ಹೊಡೆಸಿದರೆ ಎರಡೂ ಕೆಡುತ್ತವೆ. ಸುದ್ದಿಗೆ ದಿನದಲ್ಲಿ ಒಂದು ಹೊತ್ತು ಇಟ್ಟುಕೊಳ್ಳಿ, ಅದು ಮಲಗುವ ಹೊತ್ತಾಗದಿರಲಿ. ಅಂಗಡಿಯ ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಎಂಟರ ನಂತರ ಮಾಲೀಕರು ಏನನ್ನೂ ಕಳುಹಿಸಬಾರದು ಎಂಬ ನಿಯಮವನ್ನೂ ಮಾಡಿಸಿಕೊಳ್ಳಬಹುದು. ಸುಸ್ತಿಗೆ ಚಹಾ, ಗುಟ್ಕಾ, ಕುಡಿತ ಮದ್ದಾಗುವುದಿಲ್ಲ. ಸಂಜೆ ಐದರ ನಂತರದ ಚಹಾ ನಿದ್ದೆಯನ್ನೇ ತಿನ್ನುತ್ತದೆ.

ಆರನೆಯ ಹೆಜ್ಜೆ: ಕಾಯ್ದೆ ಏನು ಕೊಟ್ಟಿದೆ ಎಂದು ತಿಳಿದು ಮಾತಾಡಿ

1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿ ಹಾಕಿತು. ಸತತ 5 ಗಂಟೆ ದುಡಿದ ಮೇಲೆ ಕನಿಷ್ಠ 1 ಗಂಟೆ ಬಿಡುವು, ವಾರಕ್ಕೊಂದು ರಜೆ, ಮಿತಿ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ, ಕಾಯಿಲೆಯಂಥ ಕಾರಣಗಳಿಗೆ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆಯನ್ನೂ ಅದು ಗೊತ್ತುಪಡಿಸಿದೆ. ಕಾಯ್ದೆಗಳಿಗೆ ಆಗಾಗ ತಿದ್ದುಪಡಿ ಆಗುವುದರಿಂದ ಈಗಿನ ನಿಯಮವನ್ನು ನಿಮ್ಮ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ಕೇಳಿಕೊಳ್ಳಿ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಅಂಗಡಿಯಲ್ಲಿದ್ದು, ನಿಮ್ಮ ಸಂಬಳದಲ್ಲಿ ನೌಕರರ ರಾಜ್ಯ ವಿಮೆಯ (ಇಎಸ್‌ಐ) ವಂತಿಗೆ ಕಡಿತವಾಗುತ್ತಿದ್ದರೆ, ವಂತಿಗೆಯ ಷರತ್ತು ಪೂರೈಸಿದವರಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ 70ರಷ್ಟು ಕಾಯಿಲೆ ಭತ್ಯೆ ಸಿಗುತ್ತದೆ. ಇದನ್ನು ತಿಳಿಯದೆ ಜ್ವರದಲ್ಲೂ ಕೆಲಸಕ್ಕೆ ಬಂದವರನ್ನು ನಾನು ಕಂಡಿದ್ದೇನೆ.

ಆದರೂ ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿಯಲ್ಲಿ ಕಾಯ್ದೆಯ ಪುಸ್ತಕ ಹಿಡಿದು ಸಾಹುಕಾರರ ಮುಂದೆ ನಿಂತರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಒಬ್ಬರೇ ಹೋಗುವ ಬದಲು ಇಬ್ಬರು ಮೂವರು ಹೋಗಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ಒಂದು ಸಲಕ್ಕೆ ಒಂದೇ ಬೇಡಿಕೆಯನ್ನು ಮುಂದಿಡಿ. “ನಮಗೆ ಕಷ್ಟ ಆಗ್ಯದ್ರಿ” ಎನ್ನುವುದಕ್ಕಿಂತ, “ಸಾಹುಕಾರ್ರ, ಈ ವಾರ ಚಿಲ್ಲರೆ ಲೆಕ್ಕ ನಾಲ್ಕು ಸಲ ತಪ್ಪೇತ್ರಿ, ನಾಲ್ಕೂ ಹತ್ತರ ಹತ್ತಿರನ; ಒಂಬತ್ತಕ್ಕ ಹತ್ತು ನಿಮಿಷ ಬಿಟ್ರ ತಪ್ಪಂಗಿಲ್ರಿ” ಎಂದರೆ ಅವರ ಭಾಷೆಯಲ್ಲೇ ಹೇಳಿದಂತಾಗುತ್ತದೆ. ಎರಡನೆಯ ಹೆಜ್ಜೆಯ ಚೀಟಿಗಳು ಕೆಲಸಕ್ಕೆ ಬರುವುದು ಇಲ್ಲಿಯೇ.

ಮಾಲೀಕರಿಗೂ ಒಂದು ಮಾತು. ಉದ್ರಿ ವಸೂಲಾಗದೆ, ಬಾಡಿಗೆ ನಿಲ್ಲದೆ, ಸರಕು ಬಾರದೆ ನೀವೂ ಬತ್ತಿರುತ್ತೀರಿ. ಆದರೆ ನಾಳೆ ಅಂಗಡಿ ತೆರೆಯುತ್ತದೋ ಇಲ್ಲವೋ, ಈ ತಿಂಗಳು ಪೂರ್ತಿ ಸಂಬಳ ಬರುತ್ತದೋ ಅರ್ಧವೋ ಎಂಬುದನ್ನು ಹೇಳದೆ ಇಟ್ಟುಕೊಂಡರೆ ನೌಕರರು ಅದನ್ನು ಊಹಿಸುತ್ತ ನಿದ್ದೆಗೆಡುತ್ತಾರೆ. ತಿಂಗಳುಗಟ್ಟಲೆ ಮುಚ್ಚಿದ್ದ ಜವಳಿ ಅಂಗಡಿಗಳಲ್ಲಿ ಕೆಲಸದ ಹೊರೆಗಿಂತ ಈ ಅನಿಶ್ಚಯವೇ ಹೆಚ್ಚು ಜನರನ್ನು ಕೆಡವಿತು. ಅರ್ಧ ಸಂಬಳವಾದರೂ ಸರಿ, ಯಾವ ದಿನ, ಎಷ್ಟು ಎಂಬುದನ್ನು ತಿಂಗಳ ಮೊದಲೇ ಹೇಳಿಬಿಡಿ.

ಏಳನೆಯ ಹೆಜ್ಜೆ: ವೈದ್ಯರ ಬಳಿ ಹೋಗಬೇಕಾದ ಹೊತ್ತು

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಕುಡಿತ ಹೆಚ್ಚಿದ್ದರೆ ಮನೋವೈದ್ಯರನ್ನು ಕಾಣಿರಿ. ಬದುಕುವುದೇ ಬೇಡವೆನಿಸಿದರೆ ಒಂದು ದಿನವನ್ನೂ ಕಾಯಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಇದು ಕೊರೊನಾದ ದಿನಗಳಲ್ಲಿ ನಮಗೆ ಇರಲಿಲ್ಲ.

ಮನೋವೈದ್ಯರ ಹೆಸರೆತ್ತಿದರೆ ‘ನನಗೇನು ಹುಚ್ಚೇ’ ಎನ್ನುವವರಿಗೆ ನಾನು ಒಂದು ವಿಷಯ ಹೇಳುವುದುಂಟು. ಮಾನಸಿಕ ಚಿಕಿತ್ಸೆಯನ್ನು ದೊಡ್ಡ ಆಸ್ಪತ್ರೆಗಳಿಂದ ಹೊರತಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೇ ಕೊಡಬಹುದೆಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದ ನಡುವಿನಿಂದ ಪ್ರಯೋಗ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಅದರ ಆಧಾರದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಬೇರೆ ಜಿಲ್ಲೆಗಳು ನಮ್ಮಿಂದ ಕಲಿತದ್ದನ್ನು ನಾವು ನಾಚಿಕೆಯಿಂದ ಬಳಸದೆ ಬಿಡುವುದು ವಿಚಿತ್ರವೇ ಸರಿ. ಇಂದು ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್‌ಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ಬರುವ ಏರ್ಪಾಡು ಇದೆ. ಬರುವ ದಿನವನ್ನು ಮೊದಲೇ ಕೇಳಿಕೊಂಡು, ಆ ದಿನವನ್ನೇ ವಾರದ ರಜೆಯಾಗಿ ಬದಲಾಯಿಸಿಕೊಂಡರೆ ಸಂಬಳವೂ ಕಡಿತವಾಗುವುದಿಲ್ಲ, ಯಾರಿಗೂ ಕಾರಣ ಹೇಳಬೇಕಾಗಿಯೂ ಇಲ್ಲ.

ಹೋಗುವಾಗ ನೀವು ಬರೆದಿಟ್ಟ ಬಿಲ್ ರೋಲಿನ ತುಂಡುಗಳನ್ನು ಜೊತೆಗೆ ಒಯ್ಯಿರಿ. ನಿದ್ದೆ ಎಂದಿನಿಂದ ಕೆಟ್ಟಿತು, ಯಾವ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ ಎಂದು ವೈದ್ಯರು ಕೇಳುತ್ತಾರೆ. ಅವರ ಮುಂದೆ ಕೂತಾಗ ಬಾಯಿ ಕಟ್ಟಿದರೆ ಆ ಚೂರುಗಳನ್ನು ಮೇಜಿನ ಮೇಲಿಟ್ಟರೂ ನಡೆಯುತ್ತದೆ.